ಹೊಳೆ ಬಂದಾಗ ಗುಡಿಯ ಬೀಗದ ಕೈ ಯಾರ ಬಳಿ?

ಪ್ರಶ್ನೆ: ನಮ್ಮೂರು ಬಾದಾಮಿ ಸೀಮೆಯಲ್ಲಿ ಮಲಪ್ರಭೆಯ ದಂಡೆಯ ಮೇಲಿದೆ. 2019ರ ಆಗಸ್ಟ್ ತಿಂಗಳಲ್ಲಿ ಹೊಳೆ ಊರೊಳಗೆ ನುಗ್ಗಿ, ಚಾಲುಕ್ಯರ ಕಾಲದ್ದೆಂದು ಹಿರಿಯರು ಹೇಳುವ ಕಲ್ಲಿನ ಗುಡಿಯಲ್ಲಿ ಎದೆಮಟ್ಟ ನೀರು ನಿಂತಿತು. ಮಠದಲ್ಲಿದ್ದ ಓಲೆಗರಿಯ ಕಟ್ಟುಗಳು ನೆನೆದವು. ನೇಕಾರರ ಓಣಿಯ ಕುಣಿಮಗ್ಗಗಳಲ್ಲಿ ಕೆಸರು ತುಂಬಿತು. ಗುಡಿ ಯಾವ ಇಲಾಖೆಯ ಸಂರಕ್ಷಿತ ಪಟ್ಟಿಯಲ್ಲೂ ಇಲ್ಲ. ಈಗ ಊರವರೆಲ್ಲ ಸೇರಿ ಒಂದು ಸಮಿತಿ ಮಾಡಿಕೊಂಡು ಸ್ವಲ್ಪ ಹಣವನ್ನೂ ಕೂಡಿಸಿದ್ದೇವೆ. ಗುಡಿಯ ಸುತ್ತ ಕಾಂಕ್ರೀಟ್ ಗೋಡೆ ಕಟ್ಟಿ, ಒಳಗೋಡೆಗಳಿಗೆ ಸಿಮೆಂಟ್ ಪ್ಲಾಸ್ಟರ್ ಮಾಡಿಸೋಣ ಎಂದು ಕೆಲವರು, ವೀರಗಲ್ಲುಗಳನ್ನು ಎತ್ತರದ ಜಾಗಕ್ಕೆ ಸಾಗಿಸೋಣ ಎಂದು ಇನ್ನು ಕೆಲವರು ಹೇಳುತ್ತಿದ್ದಾರೆ. ಹವಾಮಾನ ಹೀಗೆ ಬದಲಾಗುತ್ತಿರುವಾಗ ಒಂದು ಊರು ತಾನೇ ಕುಳಿತು ಯೋಜನೆ ಮಾಡುವುದಾದರೆ ಎಲ್ಲಿಂದ ಆರಂಭಿಸಬೇಕು?

ಉತ್ತರ: ಕೂಡಿಸಿದ ಹಣ ಗೋಡೆಗೆ ಹೋಗುವ ಮೊದಲೇ ನೀವು ಕೇಳಿದ್ದು ಬಹಳ ಒಳ್ಳೆಯದಾಯಿತು. ಹಳೆಯ ಕಲ್ಲುಕಟ್ಟಡಗಳ ಸಂರಕ್ಷಣೆಯಲ್ಲಿ ಹಲವು ವರ್ಷ ದುಡಿದ ಮೇಲೆ ನಾನು ಕಂಡುಕೊಂಡಿರುವುದೇನೆಂದರೆ, ನೆರೆಯಿಂದ ನೇರವಾಗಿ ಹಾಳಾದ ಗುಡಿಗಳಿಗಿಂತ, ನೆರೆ ಇಳಿದ ಮೇಲೆ ಅವಸರದಲ್ಲಿ ಮಾಡಿದ ರಿಪೇರಿಯಿಂದ ಹಾಳಾದ ಗುಡಿಗಳೇ ಹೆಚ್ಚು. ನೀರು ಇಳಿದ ವಾರದಲ್ಲಿ ಎಲ್ಲರ ಮನಸ್ಸೂ ಕಲಕಿರುತ್ತದೆ, ಏನಾದರೂ ಮಾಡಲೇಬೇಕೆಂಬ ಒತ್ತಡವಿರುತ್ತದೆ, ದಾನಿಗಳೂ ಗುತ್ತಿಗೆದಾರರೂ ಬಾಗಿಲಲ್ಲಿ ನಿಂತಿರುತ್ತಾರೆ. ಆಗ ತೆಗೆದುಕೊಂಡ ನಿರ್ಧಾರವನ್ನು ಗುಡಿಯ ಕಲ್ಲು ಮುಂದಿನ ಐವತ್ತು ವರ್ಷ ಅನುಭವಿಸುತ್ತದೆ. ಆದ್ದರಿಂದ ನೆಲ ಒಣಗಿರುವ ಕಾಲದಲ್ಲಿ, ಎಲ್ಲ ಓಣಿಯವರೂ ಕೂತಿರುವ ಸಭೆಯಲ್ಲಿ, ಯಾವುದನ್ನು ಯಾರು ಯಾವಾಗ ಕಾಯಬೇಕೆಂಬುದನ್ನು ಹೆಸರು ಹಾಕಿ ಬರೆದಿಡುವ ಕೆಲಸ ಮೊದಲು ಆಗಬೇಕು. ಕಟ್ಟುವ ಕೆಲಸ ಏನಿದ್ದರೂ ಕೊನೆಗೆ ಬರಲಿ.

ಬದಲಾಗಿರುವುದು ಏನೆಂಬುದು ಸಮಿತಿಯಲ್ಲಿ ಎಲ್ಲರಿಗೂ ತಿಳಿದಿರಬೇಕು. ಗಾಳಿಯ ಉಷ್ಣತೆ 1 ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಹಿಡಿದಿಟ್ಟುಕೊಳ್ಳಬಲ್ಲ ನೀರಾವಿ ಸುಮಾರು ಶೇ 7ರಷ್ಟು ಹೆಚ್ಚುತ್ತದೆ. ಭೂಮಿಯ ಸರಾಸರಿ ಉಷ್ಣತೆ ಕೈಗಾರಿಕಾ ಯುಗಕ್ಕೆ ಹಿಂದಿದ್ದುದಕ್ಕಿಂತ ಈಗಾಗಲೇ 1 ಡಿಗ್ರಿಗೂ ಮಿಕ್ಕಿ ಏರಿದೆ. ಮಧ್ಯಭಾರತದ ಪಟ್ಟಿಯಲ್ಲಿ ಬಹು ವಿಸ್ತಾರಕ್ಕೆ ಒಮ್ಮೆಗೇ ಸುರಿಯುವ ಅತಿಮಳೆಯ ಪ್ರಸಂಗಗಳು 1950ರಿಂದ 2015ರ ನಡುವೆ ಸುಮಾರು ಮೂರು ಪಟ್ಟು ಹೆಚ್ಚಿದವೆಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ನಿಮ್ಮ ಸೀಮೆಯ ಅನುಭವವನ್ನೇ ನೋಡಿ: 2009ರ ಸೆಪ್ಟೆಂಬರ್ ಕೊನೆಯಲ್ಲಿ ಒಂದು ಮಹಾಪೂರ, 2019ರ ಆಗಸ್ಟ್‌ನಲ್ಲಿ ಇನ್ನೊಂದು, ಅದಾಗಿ ನಾಲ್ಕೇ ವರ್ಷಕ್ಕೆ, 2023ರಲ್ಲಿ, ರಾಜ್ಯದ 236 ತಾಲ್ಲೂಕುಗಳ ಪೈಕಿ 220ಕ್ಕೂ ಹೆಚ್ಚು ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಬೇಕಾದ ಸ್ಥಿತಿ.

ನೆರೆಯ ಬಗ್ಗೆ ಎಲ್ಲರೂ ಮಾತನಾಡುತ್ತಾರೆ. ಗುಡಿಯ ಅಡಿಪಾಯಕ್ಕೆ ಬರವೂ ಅಷ್ಟೇ ಅಪಾಯಕಾರಿ ಎಂಬುದನ್ನು ಹೇಳುವವರು ಕಡಿಮೆ. ನಿಮ್ಮ ಹೊಳೆದಂಡೆಯಲ್ಲಿ ಎರೆಮಣ್ಣು ಇದ್ದಲ್ಲೆಲ್ಲ ಅದು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಎಂದಿನ ಮಳೆಗಾಲ ಎಂದಿನ ಬೇಸಿಗೆಯ ಲಯಕ್ಕೆ ಹೊಂದಿಕೊಂಡು ನೂರಾರು ವರ್ಷ ನಿಂತ ಗೋಡೆ, ಅತಿಯಾದ ನೆನೆತ ಮತ್ತು ಅತಿಯಾದ ಒಣಗುವಿಕೆ ಮೇಲಿಂದ ಮೇಲೆ ಎದುರಾದಾಗ ವಾಲತೊಡಗುತ್ತದೆ. ಈ ವಾಲುವಿಕೆ ಕಣ್ಣಿಗೆ ಕಾಣುವಂಥದಲ್ಲ. ಬಿರುಕಿನ ಮೇಲೆ ಅಡ್ಡಲಾಗಿ ಒಂದು ತೆಳು ಗಾಜಿನ ಪಟ್ಟಿಯನ್ನು ಎರಡೂ ತುದಿಗೆ ಅಂಟಿಸಿ, ಪಕ್ಕದಲ್ಲಿ ದಿನಾಂಕ ಬರೆದಿಡಿ. ಗಾಜು ಒಡೆದ ದಿನ ಬಿರುಕು ಇನ್ನೂ ಜೀವಂತವಾಗಿದೆ ಎಂದು ತಿಳಿಯುತ್ತದೆ. ಶಾಲೆಯ ಮಕ್ಕಳಿಗೆ ಈ ಕೆಲಸ ಒಪ್ಪಿಸಿದರೆ ಅವರಷ್ಟು ಶ್ರದ್ಧೆಯಿಂದ ನೋಡುವವರು ಮತ್ತೊಬ್ಬರಿಲ್ಲ.

ಇನ್ನು ಹೊಳೆ. ಕಣಕುಂಬಿಯಲ್ಲಿ ಹುಟ್ಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಮಲಪ್ರಭೆಗೆ ಸವದತ್ತಿ ತಾಲ್ಲೂಕಿನ ನವಿಲುತೀರ್ಥದಲ್ಲಿ ಅಣೆಕಟ್ಟಿದೆ, ಅದರ ಸಾಮರ್ಥ್ಯ ಸುಮಾರು 37 ಟಿಎಂಸಿ. ಬಹುತೇಕ ಊರುಗಳಲ್ಲಿ ‘ಡ್ಯಾಮಿನಿಂದ ನೀರು ಬಿಟ್ಟರೆ ಮಾತ್ರ ನೆರೆ’ ಎಂಬ ನಂಬಿಕೆ ಬೇರೂರಿದೆ. ಆದರೆ ಹುಬ್ಬಳ್ಳಿ-ಧಾರವಾಡದ ಕಡೆಯ ಮಳೆನೀರನ್ನು ಹೊತ್ತು ತರುವ ಬೆಣ್ಣಿಹಳ್ಳ ಅಣೆಕಟ್ಟಿನ ಕೆಳಗೆ ಹೊಳೆಗೆ ಸೇರುತ್ತದೆ. ಅಂದರೆ ನವಿಲುತೀರ್ಥದ ಗೇಟುಗಳು ಮುಚ್ಚಿರುವಾಗಲೂ ನಿಮ್ಮೂರಿಗೆ ನೀರು ಬರಬಹುದು. ಹಾಗಾಗಿ ನಿಮ್ಮ ಯೋಜನೆಯ ಮೊದಲ ಪುಟದಲ್ಲಿ ಎರಡು ಎಚ್ಚರಿಕೆಗಳಿರಬೇಕು: ಒಂದು, ಜಲಾಶಯದಿಂದ ಹೊರಬಿಡುವ ನೀರಿನ ಪ್ರಮಾಣದ ಬಗ್ಗೆ ತಾಲ್ಲೂಕು ಆಡಳಿತದಿಂದ ಬರುವ ಸೂಚನೆ, ಇನ್ನೊಂದು, ಬೆಣ್ಣಿಹಳ್ಳದ ಜಲಾನಯನದಲ್ಲಿ ಬಿದ್ದ ಮಳೆಯ ಲೆಕ್ಕ. ಎರಡನೆಯದಕ್ಕೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಹೋಬಳಿ, ಪಂಚಾಯಿತಿ ಮಟ್ಟದವರೆಗೂ ಇವೆ. ‘ವರುಣ ಮಿತ್ರ’ ಎಂಬ ಅವರ ದೂರವಾಣಿ ಸೇವೆಯಲ್ಲಿ ಕೇಳಿದರೆ ಮಾಹಿತಿ ಸಿಗುತ್ತದೆ. ಜೊತೆಗೆ ಮೇಲಿನ ಹಳ್ಳಿಗಳಲ್ಲಿ ನಿಮಗೆ ಬೀಗರಿದ್ದೇ ಇರುತ್ತಾರೆ. ಹೊಳೆ ಏರಿದಾಗ ಅಲ್ಲಿಂದ ಒಂದು ಫೋನ್ ಬರುವಂತೆ ಮೊದಲೇ ಮಾತಾಡಿಕೊಳ್ಳುವುದು ಯಾವ ಯಂತ್ರಕ್ಕೂ ಕಡಿಮೆಯಲ್ಲದ ವ್ಯವಸ್ಥೆ.

ಈಗ ನಿಮ್ಮ ‘ಎಲ್ಲಿಂದ ಆರಂಭಿಸಬೇಕು’ ಎಂಬ ಮಾತಿಗೆ ಬರುತ್ತೇನೆ. ಒಂದು ಸಂಜೆ ಊರಿನ ಹಿರಿಯರನ್ನು, ಮುಖ್ಯವಾಗಿ ಹಿರಿಯ ಹೆಣ್ಣುಮಕ್ಕಳನ್ನು, ಕರೆದುಕೊಂಡು ಓಣಿ ಓಣಿ ನಡೆಯಿರಿ. ಒಬ್ಬರ ಕೈಯಲ್ಲಿ ಸೀಮೆಸುಣ್ಣ ಇರಲಿ, ಇನ್ನೊಬ್ಬರ ಕೈಯಲ್ಲಿ ಅಳತೆಯ ಟೇಪು, ಮತ್ತೊಬ್ಬರ ಕೈಯಲ್ಲಿ ನೋಟ್‌ಬುಕ್. ನಾನು ಇಂಥ ಒಂದು ನಡಿಗೆಯಲ್ಲಿ ಇದ್ದಾಗ, ಅಜ್ಜಿಯೊಬ್ಬರು ಗುಡಿಯ ಮುಖಮಂಟಪದ ಕಂಬದ ಮುಂದೆ ನಿಂತು, ಮೊದಲು ತಮ್ಮ ಸೊಂಟಕ್ಕೆ ಕೈಯಿಟ್ಟು, ಆಮೇಲೆ ಕಂಬದ ಮೇಲಿನ ಒಂದು ಹೂಬಳ್ಳಿಯ ಸಾಲನ್ನು ಮುಟ್ಟಿ, ‘ಇಲ್ಲೀತನಕ ಬಂದಿತ್ತು, ಈ ಹೂವು ಮುಳುಗಿರಲಿಲ್ಲ’ ಎಂದರು. ಟೇಪು ಹಿಡಿದಾಗ ನೆಲದಿಂದ ಮೂರು ಅಡಿ ನಾಲ್ಕು ಅಂಗುಲ. ಅದೇ ಅಜ್ಜಿ ನೀರು ಬಂದದ್ದು ಹೊಳೆಯ ಕಡೆಯಿಂದಲ್ಲ, ಹಿಂದಿನ ಹಳ್ಳದ ಬಾಯಿಂದ ಎಂದೂ ಹೇಳಿದರು. ಆ ಒಂದು ಮಾತಿನಿಂದ ಆ ಊರಿನ ಯೋಜನೆಯೇ ಬದಲಾಯಿತು. ಏಕೆಂದರೆ ಸಮಿತಿಯವರು ಹೊಳೆಯ ಕಡೆಗೆ ತಡೆಗೋಡೆ ಕಟ್ಟುವ ಅಂದಾಜುಪಟ್ಟಿ ಮಾಡಿಸಿ ಇಟ್ಟುಕೊಂಡಿದ್ದರು. 2009ರ ನೀರಿನ ಮಟ್ಟ, 2019ರ ನೀರಿನ ಮಟ್ಟ, ನೀರು ಬಂದ ದಿಕ್ಕು, ನಿಂತ ದಿನಗಳು, ಇಳಿದ ದಾರಿ, ಈ ಐದನ್ನು ಊರಿನ ನಕ್ಷೆಯ ಮೇಲೆ ಗುರುತಿಸಿದರೆ ನಿಮ್ಮ ಅರ್ಧ ಯೋಜನೆ ಮುಗಿದಂತೆ. ಗುಡಿಯ ಕಲ್ಲಿನ ಮೇಲೆ ಮಾತ್ರ ಎಣ್ಣೆ ಬಣ್ಣದಲ್ಲಿ ಗುರುತು ಮಾಡಬೇಡಿ. ಪಕ್ಕದ ವಿದ್ಯುತ್ ಕಂಬದ ಮೇಲೋ ಶಾಲೆಯ ಗೋಡೆಯ ಮೇಲೋ ಮಾಡಿ.

ಎರಡನೆಯ ಸಂಜೆ ಊರಿನಲ್ಲಿ ಉಳಿಸಬೇಕಾದದ್ದು ಏನೇನಿದೆ ಎಂಬ ಪಟ್ಟಿ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಯಾರು ಸಭೆಯಲ್ಲಿ ಕೂತಿರುತ್ತಾರೋ ಅವರ ದೇವರು, ಅವರ ಮಠ, ಅವರ ವಾಡೆ ಮಾತ್ರ ಪಟ್ಟಿಗೆ ಬರುತ್ತವೆ. ಕೇರಿಯ ದುರ್ಗವ್ವನ ಕಟ್ಟೆ, ದರ್ಗಾ, ಮೊಹರಂನಲ್ಲಿ ಇಡೀ ಊರೇ ಸೇರಿ ಕೂರಿಸುವ ಅಲಾಯಿ ದೇವರುಗಳನ್ನು ಇಡುವ ಕೋಣೆ, ಅಗಸರು ಬಟ್ಟೆ ಒಗೆಯುವ ಕಲ್ಲು, ಹೊಲದ ಬದುವಿನಲ್ಲಿ ಮಲಗಿರುವ ಮಾಸ್ತಿಕಲ್ಲು ಇವೆಲ್ಲ ಹೊರಗುಳಿಯುತ್ತವೆ. ಇವುಗಳಲ್ಲಿ ಎಷ್ಟೋ ತಗ್ಗಿನ ಜಾಗದಲ್ಲಿರುವುದರಿಂದ ನೀರು ಮೊದಲು ಬರುವುದೂ ಅಲ್ಲಿಗೇ. ಐಹೊಳೆಯನ್ನು ನೆನೆಯಿರಿ: ಲಾಡಖಾನ ಗುಡಿ, ಗೌಡರ ಗುಡಿ, ಅಂಬಿಗೇರ ಗುಡಿ, ಹುಚ್ಚಪ್ಪಯ್ಯನ ಗುಡಿ. ಕಟ್ಟಿಸಿದ ಅರಸರ ಹೆಸರು ಇವಕ್ಕೆ ಉಳಿದಿಲ್ಲ. ಅಲ್ಲಿ ಇದ್ದ, ಅದರ ಸುತ್ತ ಬಾಳಿದ ಜನರ ಹೆಸರು ಉಳಿದಿದೆ. ಜನರ ಬದುಕು ಹತ್ತಿಕೊಂಡೇ ಈ ಕಲ್ಲುಗಳು ನಮ್ಮ ಕೈಗೆ ಬಂದಿವೆ. ಆದ್ದರಿಂದ ಪಟ್ಟಿ ಮಾಡುವ ಸಭೆ ಗುಡಿಯ ಕಟ್ಟೆಯ ಮೇಲೆ ಒಮ್ಮೆ ನಡೆದರೆ ಸಾಲದು, ಪ್ರತಿ ಓಣಿಯಲ್ಲಿ, ಪ್ರತಿ ಕೇರಿಯಲ್ಲಿ ಪ್ರತ್ಯೇಕವಾಗಿ ನಡೆಯಬೇಕು.

ಪಟ್ಟಿಯಾದ ಮೇಲೆ ಅದನ್ನು ಎರಡಾಗಿ ವಿಂಗಡಿಸಿ: ಎತ್ತಿ ಒಯ್ಯಬಲ್ಲವು, ಒಯ್ಯಲಾಗದವು. ಒಯ್ಯಬಲ್ಲವುಗಳಿಗೆ ಒಂದು ಸರದಿ ಬೇಕು. ಹೊಳೆ ಏರುತ್ತಿರುವ ರಾತ್ರಿ ನಿಮಗೆ ಸಿಗುವುದು ಎರಡೋ ಮೂರೋ ಗಂಟೆ, ಅದೂ ಮಕ್ಕಳು ಮುದುಕರು ದನಕರುಗಳನ್ನು ಸಾಗಿಸಿದ ಮೇಲೆ. ಉತ್ಸವಮೂರ್ತಿ ಮೊದಲೋ, ಓಲೆಗರಿ ಮೊದಲೋ ಎಂಬ ಚರ್ಚೆಯನ್ನು ಆ ರಾತ್ರಿ ಮಾಡಲಾಗದು. ನನ್ನ ಅಭಿಪ್ರಾಯ ಕೇಳಿದರೆ ಓಲೆಗರಿ ಮತ್ತು ಕಾಗದ ಮೊದಲು, ಮರದ ವಿಗ್ರಹ ಮತ್ತು ಬಟ್ಟೆ ಆಮೇಲೆ, ಲೋಹ ಕೊನೆಗೆ. ಪಂಚಲೋಹದ ಮೂರ್ತಿ ನಾಲ್ಕು ದಿನ ನೀರಿನಲ್ಲಿದ್ದರೂ ತೊಳೆದು ಒರೆಸಬಹುದು, ಓಲೆಗರಿಯನ್ನು ಹಾಗೆ ಮಾಡಲಾಗದು. ಆದರೆ ಇದನ್ನು ನಿರ್ಧರಿಸಬೇಕಾದವರು ನೀವು, ಏಕೆಂದರೆ ದೇವರನ್ನು ಬಿಟ್ಟು ಪುಸ್ತಕ ಹೊತ್ತು ಹೋಗಲು ಮನಸ್ಸು ಒಪ್ಪದ ಊರಿನಲ್ಲಿ ನನ್ನ ಸರದಿ ಕಾಗದದ ಮೇಲಷ್ಟೇ ಉಳಿಯುತ್ತದೆ. ಪ್ರತಿ ವಸ್ತುವಿನ ಎದುರಿಗೆ ಇಬ್ಬರ ಹೆಸರು ಬರೆಯಿರಿ. ಒಬ್ಬರು ಪರಊರಿಗೆ ಹೋಗಿದ್ದರೆ ಇನ್ನೊಬ್ಬರು ಇರುತ್ತಾರೆ. ಎಲ್ಲಿಗೆ ಒಯ್ಯಬೇಕು ಎಂಬ ಜಾಗವೂ, ಆ ಜಾಗದ ಬೀಗದ ಕೈ ಯಾರ ಬಳಿ ಇದೆ ಎಂಬುದೂ ಅದರಲ್ಲಿರಲಿ. ಬೀಗದ ಕೈಯ ಮಾತನ್ನು ಸಣ್ಣದೆಂದು ತಿಳಿಯಬೇಡಿ. ಒಂದು ಊರಿನಲ್ಲಿ ಗುಡಿಯ ಒಂದೇ ಒಂದು ಬೀಗದ ಕೈ ಇಟ್ಟುಕೊಂಡಿದ್ದವರು ಮಗಳ ಮನೆಗೆ ಹೋಗಿದ್ದರು, ಊರವರು ಬಾಗಿಲು ಮುರಿಯಲು ಹಿಂಜರಿದರು, ನೀರು ಹಿಂಜರಿಯಲಿಲ್ಲ. ಒಳಗಿದ್ದ ಕಟ್ಟಿಗೆಯ ಪೆಟ್ಟಿಗೆಯನ್ನು ಮೂರನೆಯ ದಿನ ತೆರೆದಾಗ ಅದರಲ್ಲಿದ್ದ ಹಳೆಯ ಕಡತಗಳೆಲ್ಲ ಒಂದೇ ಉಂಡೆಯಾಗಿದ್ದವು.

ನಿಮ್ಮ ಮಠದ ಓಲೆಗರಿಗಳ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ನೆನೆದ ಓಲೆಗರಿ ಅಥವಾ ಕಾಗದವನ್ನು ಬಿಸಿಲಿಗೆ ಹರಡುವುದು ನಮ್ಮ ಜನರ ಮೊದಲ ಕೆಲಸ, ಅದು ತಪ್ಪು. ಬಿಸಿಲಿನ ಝಳಕ್ಕೆ ಗರಿ ಸುರುಳಿಯಾಗಿ ಸೀಳುತ್ತದೆ, ಕಾಗದ ಮುದುಡುತ್ತದೆ. ನೆರಳಿನಲ್ಲಿ, ಗಾಳಿಯಾಡುವ ಪಡಸಾಲೆಯಲ್ಲಿ, ಶುಭ್ರವಾದ ಹತ್ತಿಬಟ್ಟೆಯ ಮೇಲೆ ಇಡಬೇಕು. ಕೆಸರು ಮೆತ್ತಿದ್ದರೆ ಕಟ್ಟು ಬಿಚ್ಚುವ ಮೊದಲೇ ಅಗಲವಾದ ತಟ್ಟೆಯಲ್ಲಿ ಶುದ್ಧ ನೀರಿಟ್ಟು ಮೆಲ್ಲಗೆ ಅದ್ದಿ ತೆಗೆಯಬಹುದು. ಆದರೆ ಮಸಿ ಹರಡುವಂತಿದ್ದರೆ ಅದನ್ನೂ ಮಾಡಬಾರದು. ಒಂದಕ್ಕೊಂದು ಅಂಟಿದ ಗರಿಗಳನ್ನು ಎಳೆದು ಬಿಡಿಸಬೇಡಿ. ಹಾಳೆಗಳ ನಡುವೆ ಮುದ್ರಣವಿಲ್ಲದ ಬಿಳಿಯ ಹೀರುಕಾಗದ ಇಡಿ. ಪತ್ರಿಕೆಯ ಹಾಳೆ ಇಟ್ಟರೆ ಅದರ ಮಸಿ ಇದಕ್ಕೆ ಹತ್ತುತ್ತದೆ. ನಿಮ್ಮ ಹವೆಯಲ್ಲಿ ಎರಡು ಮೂರು ದಿನದೊಳಗೆ ಬೂಷ್ಟು ಬರಲು ಆರಂಭಿಸುವುದರಿಂದ, ಆ ಎರಡು ದಿನಗಳ ಕೆಲಸವೇ ನಿರ್ಣಾಯಕ. ಲ್ಯಾಮಿನೇಷನ್ ಎಂದೂ ಬೇಡ. ಇವೆಲ್ಲಕ್ಕಿಂತ ಮುಂಚೆ, ಈ ಬೇಸಿಗೆಯಲ್ಲೇ, ಪ್ರತಿ ಗರಿಯ ಎರಡೂ ಬದಿಯನ್ನು ಹಗಲು ಬೆಳಕಿನಲ್ಲಿ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೊ ತೆಗೆದು, ಒಂದು ಪ್ರತಿಯನ್ನು ಊರಲ್ಲಿ, ಒಂದನ್ನು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇರುವ ನಿಮ್ಮೂರಿನ ಮಕ್ಕಳ ಬಳಿ ಇಡಿಸಿ. ದೂರದಲ್ಲಿದ್ದೂ ಊರಿಗೆ ಏನಾದರೂ ಮಾಡಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಕೆಲಸವಿಲ್ಲ.

ಕುಣಿಮಗ್ಗಗಳನ್ನು ನಿಮ್ಮ ಪ್ರಶ್ನೆಯಲ್ಲಿ ಸೇರಿಸಿದ್ದು ನನಗೆ ಸಂತೋಷ ಕೊಟ್ಟಿತು, ಏಕೆಂದರೆ ಪರಂಪರೆಯ ಮಾತು ಬಂದಾಗ ಹೆಚ್ಚಿನವರು ಕಲ್ಲಿಗೇ ನಿಂತುಬಿಡುತ್ತಾರೆ. ಗುಳೇದಗುಡ್ಡದ ಖಣ, ಇಳಕಲ್ಲಿನ ಸೀರೆ ನೇಯುವ ಕೈಗಳಿಗೆ ಆ ಕುಣಿಯೇ ಆಧಾರ. ನೇಕಾರರು ಕಾಲಿಳಿಬಿಟ್ಟು ಕೂರುವ ಆ ಗುಂಡಿ ಮನೆಯ ನೆಲಮಟ್ಟಕ್ಕಿಂತ ತಗ್ಗಿನಲ್ಲಿರುವುದರಿಂದ, ಅಂಗಳಕ್ಕೆ ನೀರು ಬರುವ ಮೊದಲೇ ನೆಲದೊಳಗಿನಿಂದ ಅಲ್ಲಿ ನೀರು ಜಿನುಗುತ್ತದೆ, ಎಲ್ಲ ಕಡೆ ಇಳಿದ ಮೇಲೂ ಅಲ್ಲಿ ಉಳಿಯುತ್ತದೆ. ಹಾಸಿನ ನೂಲು ಕೊಳೆಯುತ್ತದೆ, ಮಗ್ಗದ ಮರ ಉಬ್ಬಿ ಬಾಗುತ್ತದೆ, ತಿಂಗಳುಗಟ್ಟಲೆ ನೇಯ್ಗೆ ನಿಲ್ಲುತ್ತದೆ. ಅಷ್ಟರಲ್ಲಿ ಮನೆಯ ಮಗ ಕೂಲಿಗೆ ಹೊರಟುಹೋದರೆ ಒಂದು ತಲೆಮಾರಿನ ಕಸುಬು ಅಲ್ಲಿಗೆ ನಿಂತಂತೆ. ಬಿಚ್ಚಿ ಎತ್ತಿಡಬಹುದಾದ ಮಗ್ಗದ ಭಾಗಗಳು ಯಾವುವು, ಅವನ್ನು ಬಿಚ್ಚಲು ಎಷ್ಟು ಹೊತ್ತು ಬೇಕು ಎಂಬುದನ್ನು ನೇಕಾರರೇ ಹೇಳಬೇಕು. ಅಟ್ಟದ ಮೇಲೆ ಅದಕ್ಕೊಂದು ಜಾಗ ಮೊದಲೇ ಗೊತ್ತಾಗಿರಬೇಕು. ನೆರೆಯ ನಂತರದ ಪರಿಹಾರದ ಅರ್ಜಿಯಲ್ಲಿ ಮನೆಯ ಗೋಡೆಯ ಜೊತೆ ಮಗ್ಗವೂ ನಮೂದಾಗುವಂತೆ ಈಗಲೇ ಪ್ರತಿ ಮಗ್ಗದ ಫೋಟೊ ತೆಗೆದು ಪಂಚಾಯಿತಿಯಲ್ಲಿ ದಾಖಲಿಸಿಡಿ.

ಇನ್ನು ಗುಡಿ. ನೀವು ಗುಡಿಯ ಒಳಗೆ ಹೋಗಿ, ನೆಲದಿಂದ ಮೊಣಕಾಲಿನ ಎತ್ತರದಲ್ಲಿ ಗೋಡೆಯನ್ನು ಅಂಗೈಯಿಂದ ಒಮ್ಮೆ ಸವರಿ ನೋಡಿ. ಕೈಗೆ ಬಿಳಿಯ ಹಿಟ್ಟಿನಂಥ ಪುಡಿ ಹತ್ತಿದರೆ, ಅದರ ಜೊತೆ ಮರಳಿನ ಕಣಗಳೂ ಉದುರಿದರೆ, ಅದು ಉಪ್ಪಿನ ಕೆಲಸ. ನಿಮ್ಮ ಸೀಮೆಯ ಮರಳುಗಲ್ಲಿನಲ್ಲಿ ಸೂಕ್ಷ್ಮ ರಂಧ್ರಗಳಿವೆ. ನೆರೆಯ ನೀರು ಹೊಲದ ಗೊಬ್ಬರ, ಊರಿನ ಚರಂಡಿ ಎಲ್ಲವನ್ನೂ ಕರಗಿಸಿಕೊಂಡು ಬಂದು ಆ ರಂಧ್ರಗಳೊಳಗೆ ಸೇರುತ್ತದೆ. ನೀರು ಆರುವಾಗ ಉಪ್ಪು ಮಾತ್ರ ಉಳಿದು ಹರಳುಗಟ್ಟುತ್ತದೆ. ಹರಳು ಬೆಳೆಯುವಾಗ ಕಲ್ಲಿನ ಮೇಲ್ಪದರವನ್ನು ಒಳಗಿನಿಂದ ತಳ್ಳುತ್ತದೆ. ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿದರೆ ಗಟ್ಟಿ ಕಲ್ಲು ಗಟ್ಟಿಯಾಗಿಯೇ ಸದ್ದು ಮಾಡುತ್ತದೆ, ಪದರ ಬಿಟ್ಟ ಕಲ್ಲು ಟೊಳ್ಳಾಗಿ ಸದ್ದು ಮಾಡುತ್ತದೆ. ಮುಂದಿನ ಮಳೆಗಾಲದ ತೇವಕ್ಕೆ ಅದೇ ಉಪ್ಪು ಮತ್ತೆ ಕರಗಿ, ಮತ್ತೆ ಹರಳಾಗಿ, ಮತ್ತೊಂದು ಪದರವನ್ನು ತಳ್ಳುತ್ತದೆ. ಆದ್ದರಿಂದ 2019ರ ನೆರೆ ನಿಮ್ಮ ಗುಡಿಯಲ್ಲಿ ಇನ್ನೂ ಮುಗಿದಿಲ್ಲ ಎಂದೇ ತಿಳಿಯಿರಿ.

ಇಂಥ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಮಾಡಿದರೆ ಏನಾಗುತ್ತದೆ? ಕಲ್ಲು ಉಸಿರಾಡುವ ದಾರಿ ಮುಚ್ಚುತ್ತದೆ. ಒಳಗಿನ ತೇವ ಪ್ಲಾಸ್ಟರಿನ ಹಿಂದೆ ಸಿಕ್ಕಿಬಿದ್ದು, ಅದರ ಮೇಲಂಚಿನವರೆಗೆ ಏರಿ, ಇದುವರೆಗೆ ಒಣಗಿದ್ದ, ಶಿಲ್ಪಗಳಿರುವ ಭಾಗದಲ್ಲಿ ಹೊರಬರುತ್ತದೆ. ಸಿಮೆಂಟಿನಲ್ಲೇ ಇರುವ ಕರಗುವ ಲವಣಗಳು ಇದಕ್ಕೆ ಮತ್ತಷ್ಟು ಸೇರುತ್ತವೆ. ಎಣ್ಣೆ ಬಣ್ಣದ ಪರಿಣಾಮವೂ ಇದೇ. ಚಾಲುಕ್ಯರ ಕಟ್ಟಡಗಳಲ್ಲಿ ಕಲ್ಲಿನ ಮೇಲೆ ಕಲ್ಲನ್ನು ಗಾರೆಯಿಲ್ಲದೆ ಕೂರಿಸಿರುವುದೇ ಹೆಚ್ಚು. ಆ ಸಂದುಗಳು ನೀರು ಇಳಿಯುವ ದಾರಿಯೂ ಹೌದು. ಅವಕ್ಕೆ ಸಿಮೆಂಟ್ ತುಂಬಬೇಡಿ. ಮೇಲ್ಛಾವಣಿಯ ಸೋರಿಕೆಗೆ ಸುಣ್ಣದ ಗಚ್ಚುಗಾರೆ ಬೇಕು, ಅದನ್ನು ಅರೆಯಬಲ್ಲ, ಬೆಲ್ಲ ಮತ್ತು ಅಳಲೆಕಾಯಿಯ ನೀರಿನ ಹದ ಬಲ್ಲ ಹಿರಿಯ ಗೌಂಡಿಗಳು ನಿಮ್ಮ ಸುತ್ತಲಿನ ಊರುಗಳಲ್ಲಿ ಇದ್ದಾರೆಯೇ ಎಂದು ಹುಡುಕಿ. ಇದ್ದರೆ ಅವರೂ ನಿಮ್ಮ ಪರಂಪರೆಯ ಪಟ್ಟಿಯಲ್ಲಿ ಇರಬೇಕಾದವರು. ಅವರ ಕೈಕೆಳಗೆ ಇಬ್ಬರು ಹುಡುಗರನ್ನು ಕೆಲಸಕ್ಕೆ ಹಚ್ಚಿ. ಮುಂದೆ ನೆರೆ ಬಂದು ಇಳಿದರೆ, ಕೆಸರು ಹಸಿಯಾಗಿರುವಾಗಲೇ ಬಿದಿರಿನ ಅಥವಾ ಮರದ ಚಕ್ಕೆಯಿಂದ ತೆಗೆದು ಶುದ್ಧ ನೀರಿನಿಂದ ತೊಳೆಯಿರಿ. ಕಬ್ಬಿಣದ ಸಲಾಕೆ, ಆ್ಯಸಿಡ್, ಜೋರಾಗಿ ನೀರು ಹಾರಿಸುವ ಯಂತ್ರ ಯಾವುದೂ ಬೇಡ. ಬಾವಿಯ ಅಥವಾ ಕಲ್ಯಾಣಿಯ ನೀರನ್ನು ಪಂಪು ಹಚ್ಚಿ ಒಮ್ಮೆಗೇ ಖಾಲಿ ಮಾಡಬೇಡಿ. ಹೊರಗಿನ ಮಣ್ಣು ಇನ್ನೂ ನೀರು ಕುಡಿದು ಭಾರವಾಗಿರುತ್ತದೆ, ಒಳಗಿನ ನೀರಿನ ಒತ್ತಾಸೆ ತಪ್ಪಿದರೆ ಗೋಡೆ ಒಳಕ್ಕೆ ಕುಸಿಯುತ್ತದೆ. ಈಗಾಗಲೇ ಕಲ್ಲಿನಲ್ಲಿ ಸೇರಿರುವ ಉಪ್ಪನ್ನು ಹೊರತೆಗೆಯುವ ವಿಧಾನವಿದೆ, ಅದನ್ನು ತಜ್ಞರ ಕೈಯಲ್ಲೇ ಮಾಡಿಸಬೇಕು.

ಸುತ್ತಲಿನ ಕಾಂಕ್ರೀಟ್ ಗೋಡೆಗೆ ನನ್ನ ಸ್ಪಷ್ಟ ವಿರೋಧವಿದೆ. ಎರೆನೆಲದಲ್ಲಿ ನೀರು ಅಡಿಯಿಂದಲೂ ಬರುತ್ತದೆ, ದೊಡ್ಡ ಪೂರ ಬಂದರೆ ಮೇಲಿನಿಂದಲೂ ಬರುತ್ತದೆ. ಒಮ್ಮೆ ಒಳಗೆ ಬಂದ ನೀರಿಗೆ ಹೊರಹೋಗುವ ದಾರಿಯನ್ನು ಆ ಗೋಡೆ ಮುಚ್ಚಿರುತ್ತದೆ. ಎರಡು ದಿನ ನಿಲ್ಲುವ ನೀರು ಹತ್ತು ದಿನ ನಿಲ್ಲುತ್ತದೆ. ಗೋಡೆಗಾಗಿ ಅಗೆಯುವ ಪಾಯ ಗುಡಿಯ ಹಳೆಯ ಬುನಾದಿಯನ್ನು ಸಡಿಲಿಸುತ್ತದೆ. ಇದೆಲ್ಲಕ್ಕಿಂತ ನನ್ನನ್ನು ಕಾಡುವ ಪ್ರಶ್ನೆಯೆಂದರೆ, ಗುಡಿಯಿಂದ ತಿರುಗಿಸಿದ ನೀರು ಎಲ್ಲಿಗೆ ಹೋಗುತ್ತದೆ ಎಂಬುದು. ಬಹುತೇಕ ಊರುಗಳಲ್ಲಿ ಅದು ಹೋಗುವುದು ತಗ್ಗಿನ ಕೇರಿಯ ಮನೆಗಳಿಗೆ. ದೇವರನ್ನು ಕಾಯಲು ಹೋಗಿ ನೆರೆಹೊರೆಯವರ ಮನೆ ಮುಳುಗಿಸುವ ಯೋಜನೆಗೆ ಯಾವ ಸಮಿತಿಯೂ ಸಹಿ ಹಾಕಬಾರದು. ಅದರ ಬದಲು ಊರಿನ ಹಳ್ಳದ ಒತ್ತುವರಿ ತೆರವಾಗಲಿ, ಹೂಳು ತೆಗೆಯಿರಿ, ಗುಡಿಯ ಸುತ್ತಲಿನ ನೆಲ ಗೋಡೆಯಿಂದ ದೂರಕ್ಕೆ ಇಳಿಜಾರಾಗಲಿ. ಮತ್ತೊಂದು ಮಾತು: ಪ್ರತಿ ಬಾರಿ ಸಿಸಿ ರಸ್ತೆ ಹಾಕಿದಾಗಲೂ ಹಳೆಯದನ್ನು ಅಗೆಯದೆ ಮೇಲೆಯೇ ಹಾಕುವುದರಿಂದ ಬೀದಿ ಏರುತ್ತಾ ಗುಡಿ ತಗ್ಗಿನಲ್ಲಿ ಬೀಳುತ್ತದೆ. ನೆರೆಯೇ ಬೇಕಿಲ್ಲ, ಒಂದು ಅಡ್ಡಮಳೆಗೇ ಬೀದಿಯ ನೀರು ಗರ್ಭಗುಡಿ ಸೇರುತ್ತದೆ. ಇದನ್ನು ತಡೆಯಲು ಪಂಚಾಯಿತಿಯ ಒಂದು ನಿರ್ಣಯ ಸಾಕು.

ನೀರಿನೊಡನೆ ಬಾಳುವ ಯೋಜನೆ ನಮ್ಮ ಜನಕ್ಕೆ ಹೊಸದಲ್ಲ. ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ಸಮುದ್ರ ಸೇರುವ ಕಡೆ, ಮಾಣಿಕಟ್ಟಾದಂಥ ಊರುಗಳ ಗಜನಿ ಗದ್ದೆಗಳನ್ನು, ಅಂದರೆ ಉಬ್ಬರದ ಉಪ್ಪುನೀರು ಬರುವ ತಗ್ಗಿನ ಗದ್ದೆಗಳನ್ನು, ಸಾಧ್ಯವಾದರೆ ನಿಮ್ಮ ಸಮಿತಿಯವರು ಒಮ್ಮೆ ನೋಡಿ ಬನ್ನಿ. ಉಪ್ಪುನೀರಿಗೂ ಮುಳುಗಡೆಗೂ ತಾಳಿಕೊಳ್ಳುವ ಕಗ್ಗ ಎಂಬ ಭತ್ತವನ್ನು ಅಲ್ಲಿ ಗೊಬ್ಬರವಿಲ್ಲದೆ ಬೆಳೆಯುತ್ತಾರೆ. ಕೊಯ್ಲಿನಲ್ಲಿ ತೆನೆಯನ್ನಷ್ಟೇ ಕೊಯ್ದು, ಉಳಿದ ಹುಲ್ಲನ್ನು ಮೀನು ಸಿಗಡಿಗಳಿಗೆ ಬಿಟ್ಟು, ತೂಬಿನ ಬಾಗಿಲು ತೆರೆದು ಉಬ್ಬರದ ನೀರನ್ನು ಒಳಗೆ ಬಿಟ್ಟುಕೊಳ್ಳುತ್ತಾರೆ. ಒಡ್ಡು ಕಾಯುವುದು, ಬಾಗಿಲು ಯಾವಾಗ ತೆರೆಯ ಬೇಕು, ಯಾವಾಗ ಮುಚ್ಚಬೇಕು ಎಂಬುದು ಎಲ್ಲ ರೈತರೂ ಸೇರಿ ಮಾಡುವ ಏರ್ಪಾಟು. ಒಬ್ಬ ತನ್ನ ಗದ್ದೆಯ ಒಡ್ಡನ್ನು ಮಾತ್ರ ಗಟ್ಟಿ ಮಾಡಿಕೊಂಡರೆ ಅಲ್ಲಿ ಏನೂ ಉಳಿಯದು. ಸಿಗಡಿ ಸಾಕಣೆಯ ಆಸೆ ಹೆಚ್ಚಿ ಈ ಏರ್ಪಾಟು ಸಡಿಲವಾದಲ್ಲೆಲ್ಲ ಕಗ್ಗದ ಬೆಳೆಯೂ ಹಿಂದೆ ಸರಿಯಿತು. ಸಮುದ್ರದ ಮಟ್ಟ ಏರುತ್ತಿರುವ ಕಾಲದಲ್ಲಿ ಆ ಬೀಜ ಮತ್ತು ಆ ಒಪ್ಪಂದ ಎರಡೂ ಸೇರಿಯೇ ಅಲ್ಲಿನ ಪರಂಪರೆ.

ಹಣ ಮತ್ತು ಕಾನೂನಿನ ಸಂಗತಿಯನ್ನು ಚುಟುಕಾಗಿ ಹೇಳುತ್ತೇನೆ. ಕೇಂದ್ರದ 1958ರ ಕಾಯ್ದೆ ಅಥವಾ ರಾಜ್ಯದ 1961ರ ಕಾಯ್ದೆಯಡಿ ಸಂರಕ್ಷಿತವಾದ ಸ್ಮಾರಕವಾಗಿದ್ದರೆ ಒಂದು ಕಲ್ಲನ್ನೂ ನೀವು ಮುಟ್ಟುವಂತಿಲ್ಲ. ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ನಿಮ್ಮ ಗುಡಿ ಪಟ್ಟಿಯಲ್ಲಿಲ್ಲ ಎಂದಿದ್ದೀರಿ, ಆದರೂ ಅದು ಧಾರ್ಮಿಕ ದತ್ತಿ ಇಲಾಖೆಗೆ ಸೇರಿದೆಯೇ ಎಂದು ತಹಶೀಲ್ದಾರರ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳಿ. ನಿಮ್ಮ ನಕ್ಷೆ, ಪಟ್ಟಿ, ಸರದಿಗಳನ್ನು ಗ್ರಾಮಸಭೆಯಲ್ಲಿ ಓದಿ, ನಿರ್ಣಯ ಮಾಡಿಸಿ, ಪಂಚಾಯಿತಿಯ ವಾರ್ಷಿಕ ಅಭಿವೃದ್ಧಿ ಯೋಜನೆಯಲ್ಲಿ ಸೇರಿಸಿ. ಹಳ್ಳದ ಹೂಳು, ಚರಂಡಿ, ಕಲ್ಯಾಣಿಯ ಕೆಲಸಗಳಿಗೆ ಅಲ್ಲಿಂದಲೇ ಹಣ ಸಿಗುವ ಸಾಧ್ಯತೆ ಇದೆ. ಒಂದು ಪ್ರತಿಯನ್ನು ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ, ಇನ್ನೊಂದನ್ನು ರಾಜ್ಯ ಪುರಾತತ್ವ ಇಲಾಖೆಗೆ ಕೊಡಿ. ಧರ್ಮಸ್ಥಳದ ಧರ್ಮೋತ್ಥಾನ ಟ್ರಸ್ಟ್ 1990ರ ದಶಕದಿಂದ ಸರ್ಕಾರ ಮತ್ತು ಊರವರ ಪಾಲಿನೊಡನೆ ಹಳೆಯ ಗುಡಿಗಳ ಜೀರ್ಣೋದ್ಧಾರ ಮಾಡಿಸುತ್ತಾ ಬಂದಿದೆ. ಅವರನ್ನೂ ಕೇಳಿ ನೋಡಬಹುದು.

ವರ್ಷಕ್ಕೊಮ್ಮೆ, ಬಸವ ಜಯಂತಿ ಕಳೆದು ಕಾರಹುಣ್ಣಿಮೆ ಬರುವುದರೊಳಗೆ, ಇಡೀ ಯೋಜನೆಯನ್ನು ಒಮ್ಮೆ ನಡೆಸಿ ನೋಡಿ. ಡಂಗುರ ಹೊಡೆಸಿ, ಹೆಸರಿದ್ದವರೆಲ್ಲ ತಮ್ಮ ತಮ್ಮ ವಸ್ತುವನ್ನು ನಿಜವಾಗಿಯೂ ಎತ್ತಿ ಗೊತ್ತಾದ ಜಾಗಕ್ಕೆ ಒಯ್ಯಲಿ. ಬೀಗದ ಕೈಗಳು ಎಲ್ಲಿವೆ ಎಂದು ಆ ದಿನ ಗೊತ್ತಾಗುತ್ತದೆ. ಮಾಳಿಗೆಯ ಮೇಲೆ ಹುಟ್ಟಿದ ಅರಳಿ, ಬಸರಿಯ ಸಸಿಗಳನ್ನು ಬೆರಳಗಾತ್ರ ಇರುವಾಗಲೇ ಅಂದೇ ತೆಗೆಯಿರಿ; ದೊಡ್ಡದಾಗಿದ್ದರೆ ಎಳೆಯಬೇಡಿ, ಬೇರಿನ ಜೊತೆ ಕಲ್ಲೂ ಬರುತ್ತದೆ.

ಉಳಿದದ್ದು ವೀರಗಲ್ಲುಗಳ ಪ್ರಶ್ನೆ. ಸ್ಥಳಾಂತರ ಯಾವಾಗಲೂ ತಪ್ಪಲ್ಲ. ಶ್ರೀಶೈಲ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಬೇಕಿದ್ದ ಕೂಡವೆಲ್ಲಿಯ ಸಂಗಮೇಶ್ವರ ಗುಡಿಯನ್ನು ಕಲ್ಲು ಕಲ್ಲಾಗಿ ಬಿಚ್ಚಿ ಆಲಂಪುರದಲ್ಲಿ ಮತ್ತೆ ಕಟ್ಟಿದರು, ಅದರಿಂದಲೇ ಅದು ಇಂದು ನಮಗಿದೆ. ಆದರೆ ನಿಮ್ಮ ಹೊಳೆಯೇ ಕೊನೆಗೆ ಸೇರುವ ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಸ್ಥಳವನ್ನು ಕದಲಿಸಲಿಲ್ಲ. ಸುತ್ತ ಬಾವಿಯಂಥ ಎತ್ತರದ ಕಟ್ಟೋಣ ಕಟ್ಟಿ, ಮೆಟ್ಟಿಲಿಳಿದು ಹೋಗುವಂತೆ ಮಾಡಿದರು, ಏಕೆಂದರೆ ಅಲ್ಲಿ ಸ್ಥಳವೇ ಮುಖ್ಯವಾಗಿತ್ತು. ನಿಮ್ಮ ಊರಿನಲ್ಲಿ ಒಂದೊಂದು ವೀರಗಲ್ಲಿಗೂ ಈ ಪ್ರಶ್ನೆ ಬೇರೆ ಬೇರೆಯಾಗಿಯೇ ಬರುತ್ತದೆ. ಅದು ವೀರನು ಬಿದ್ದ ಜಾಗದಲ್ಲೇ ನಿಂತಿರುವ ಕಲ್ಲೇ, ಅಥವಾ ಯಾವಾಗಲೋ ಹೊಲದಿಂದ ತಂದು ಗುಡಿಯ ಮುಂದೆ ಇಟ್ಟದ್ದೇ? ಅದಕ್ಕೆ ಇಂದಿಗೂ ಎಡೆ ಹಿಡಿಯುವ ಮನೆತನವಿದೆಯೇ? ದಪ್ಪ ಚಪ್ಪಡಿಯಾಗಿದ್ದು ಮೂರರಲ್ಲಿ ಒಂದು ಪಾಲು ನೆಲದೊಳಗೆ ಗಟ್ಟಿಯಾಗಿ ಹೂತಿರುವ ಕಲ್ಲನ್ನು ನೆರೆ ಕದಲಿಸುವುದು ಕಷ್ಟ, ಜೆಸಿಬಿಯಿಂದ ಎತ್ತುವಾಗ ಅದು ಮುರಿಯುವುದು ಸುಲಭ. ದಂಡೆ ಕುಸಿಯುತ್ತಿರುವ ಜಾಗದಲ್ಲಿ ಸಡಿಲವಾಗಿ ನಿಂತ ಕಲ್ಲಾದರೆ ಮಾತು ಬೇರೆ. ಅಂಥದನ್ನು ಮೊದಲು ಅಳತೆ, ಫೋಟೊ, ದಿಕ್ಕು, ಶಾಸನವಿದ್ದರೆ ಅದರ ಪಡಿಯಚ್ಚು (ಕಲ್ಲಿನ ಅಕ್ಷರಗಳನ್ನು ಕಾಗದದ ಮೇಲೆ ಮೂಡಿಸಿದ ಪ್ರತಿ) ಸಮೇತ ದಾಖಲಿಸಿ, ಪುರಾತತ್ವ ಇಲಾಖೆಗೆ ಲಿಖಿತವಾಗಿ ತಿಳಿಸಿ, ಅವರ ಸಮ್ಮುಖದಲ್ಲಿ ಒಯ್ಯಬೇಕು. ಒಯ್ದ ಜಾಗದಲ್ಲಿ ಮೊದಲು ಯಾವ ದಿಕ್ಕಿಗೆ ಮುಖ ಮಾಡಿತ್ತೋ ಅದೇ ದಿಕ್ಕಿಗೆ ನಿಲ್ಲಿಸಿ, ಮತ್ತು ಹಳೆಯ ಜಾಗದಲ್ಲಿ ಒಂದು ಸಣ್ಣ ಗುರುತುಕಲ್ಲು ಇಡಿ. ನಿಮ್ಮ ನಡಿಗೆಯ ನಕ್ಷೆ ಸಿದ್ಧವಾದ ಮೇಲೆ ಅದರ ಪ್ರತಿಯನ್ನೂ, ಪ್ರತಿ ವೀರಗಲ್ಲಿನ ಎದುರಿನ ಮತ್ತು ಪಕ್ಕದ ಫೋಟೊಗಳನ್ನೂ ಕಳುಹಿಸಿದರೆ, ಯಾವುವನ್ನು ಇದ್ದಲ್ಲೇ ಬಿಡಬೇಕು, ಯಾವುವನ್ನು ಒಯ್ಯಬೇಕು ಎಂಬುದನ್ನು ಕಲ್ಲಿನಿಂದ ಕಲ್ಲಿಗೆ ನೋಡಿ ಬರೆಯುತ್ತೇನೆ.